ಅಮೆರಿಕದಲ್ಲಿ ಅಕ್ರಮ-ಸಕ್ರಮ ಯಾವಾಗ ಸ್ವಾಮಿ?

ನಮ್ಮ ರಾಜ್ಯದಲ್ಲಿ ತಪ್ಪು ಮಾಡಿದವನು ಸ್ವಲ್ಪ ತಾಳ್ಮೆಯಿಂದ ಕಾದರೆ ಸಾಕು, ಸರ್ಕಾರವೇ ಮುಂದೆ ಬಂದು ರಿಯಾಯಿತಿ ಕೊಡುತ್ತದೆ. 2023ರ ಫೆಬ್ರುವರಿಯಲ್ಲಿ ಬಾಕಿ ಟ್ರಾಫಿಕ್ ದಂಡಕ್ಕೆ ಶೇಕಡಾ 50 ಸೋಡಿ ಎಂದು ಸಾರಿದಾಗ ಜನ ಆಷಾಢದ ಸೀರೆ ಸೇಲಿಗೆ ನುಗ್ಗಿದಂತೆ ನುಗ್ಗಿ ದಂಡ ಕಟ್ಟಿದರು. 2025ರ ಆಗಸ್ಟಿನಲ್ಲಿ ಮತ್ತೆ ಅದೇ ಆಫರ್. ಎರಡೂ ಸಲ ಮೋರೆ ಪೆಚ್ಚಾದದ್ದು ನೋಟಿಸ್ ಬಂದ ವಾರದಲ್ಲೇ ಪೂರ್ತಿ ಹಣ ಕಟ್ಟಿದ್ದ ಪ್ರಾಮಾಣಿಕರದ್ದು. ಸರ್ಕಾರಿ ಜಮೀನು ಉತ್ತವರಿಗೆ ಬಗರ್‌ಹುಕುಂ ಉಂಟು. ನಮೂನೆ 50 ತಪ್ಪಿದರೆ 53, ಅದೂ ತಪ್ಪಿದರೆ 57. ಎರಡು ಮಹಡಿಗೆ ಪ್ಲಾನ್ ಪಾಸ್ ಮಾಡಿಸಿ ನಾಲ್ಕು ಮಹಡಿ ಎಬ್ಬಿಸಿದವರಿಗೆ ಅಕ್ರಮ-ಸಕ್ರಮ ಉಂಟು. ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರಲ್ಲಿ ತಡೆ ಕೊಟ್ಟಿತು, ನಿಜ. ಆದರೆ ಜನರ ನಂಬಿಕೆಗೆ ತಡೆ ಕೊಡುವ ಕೋರ್ಟು ಇನ್ನೂ ಹುಟ್ಟಿಲ್ಲ.

ಇಂಥ ದಯಾಮಯ ನಾಡಿನಲ್ಲಿ ಬಾಳಿ, ನಿವೃತ್ತಿ ಹೊಂದಿ, ಪಿಂಚಣಿ ಪಡೆಯುತ್ತಿರುವ ದಂಪತಿ ಒಂದು ದಿನ ಮಗಳ ಬಾಣಂತನಕ್ಕೆಂದು ದೇವನಹಳ್ಳಿಯಲ್ಲಿ ವಿಮಾನ ಹತ್ತುತ್ತಾರೆ. ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಬಾಣಂತಿ ಲೇಹ್ಯ, ಬಜೆ, ಜಾಯಿಕಾಯಿ. ತಲೆಯಲ್ಲಿ ‘ಏನೂ ಆಗಲ್ಲ ಬಿಡ್ರೀ’ ಎಂಬ ಜೀವನದರ್ಶನ. ಅಮೆರಿಕದ ಕಸ್ಟಮ್ಸಿನವರು ಉಪ್ಪಿನಕಾಯಿ ಡಬ್ಬಿಯನ್ನು ಮೂಸಿ ನೋಡಿ ಬಿಡುತ್ತಾರೆ. ದರ್ಶನವನ್ನು ತಪಾಸಣೆ ಮಾಡುವ ಯಂತ್ರ ಅವರ ಬಳಿಯೂ ಇಲ್ಲ.

ಇದು ಯಾರೋ ಒಬ್ಬರ ಕಥೆಯಲ್ಲ. ಜಯನಗರ, ವಿಜಯನಗರ, ಮೈಸೂರಿನ ಕುವೆಂಪುನಗರ, ದಾವಣಗೆರೆಯ ಎಂಸಿಸಿ ಬ್ಲಾಕ್, ಎಲ್ಲ ಕಡೆಯ ಪಾರ್ಕ್ ಬೆಂಚುಗಳಿಂದ ಹೆಕ್ಕಿ ಹೊಲಿದ ಮಾದರಿ ಕುಟುಂಬ. ಹೆಸರು ಬೇಡ. ‘ರಾಯರು’, ‘ಅಮ್ಮಾವ್ರು’ ಎನ್ನೋಣ.

ಮಗು ಹುಟ್ಟಿತು, ತೊಟ್ಟಿಲು ತೂಗಿದ್ದಾಯಿತು, ಐದು ತಿಂಗಳು ಕಳೆಯಿತು. ಮಗಳು ಒಂದು ಸಂಜೆ ಕೇಳಿದಳು: “ಅಪ್ಪಾ, ನಿಮ್ಮ ಐ-94ರಲ್ಲಿ ಡೇಟ್ ಏನಿದೆ ನೋಡಿದ್ರಾ?”

ರಾಯರು ಪಾಸ್‌ಪೋರ್ಟ್ ತೆಗೆದು, ಕನ್ನಡಕ ಮೂಗಿನ ತುದಿಗೆ ಇಳಿಸಿ, ವೀಸಾ ಅಂಟಿಸಿದ ಪುಟವನ್ನು ಬೆರಳಿನಿಂದ ತಟ್ಟಿದರು. “ಇಲ್ನೋಡಮ್ಮ, ಹತ್ತು ವರ್ಷ ಅಂತ ಅಚ್ಚು ಹಾಕಿ ಕೊಟ್ಟಿದಾನೆ ಅಮೆರಿಕಾದೋನು. ನೀನ್ಯಾಕೆ ಆರು ತಿಂಗಳಿಗೇ ಓಡಿಸ್ತೀಯಾ?”

“ಅದು ಬರೋದಕ್ಕೆ ಅಪ್ಪಾ. ಇರೋದಕ್ಕಲ್ಲ.”

“ಬರೋದಕ್ಕೆ ಬಿಟ್ಟ ಮೇಲೆ ಇರೋದಕ್ಕೆ ಬಿಡದೇ ಇರ್ತಾರೇನಮ್ಮ? ಏನೂ ಆಗಲ್ಲ. ಇವನ ಮೊದಲನೇ ಹುಟ್ಟಿದಹಬ್ಬ ಮುಗಿಸ್ಕೊಂಡು ಹೊರಡ್ತೀವಿ.”

ಅಳಿಯ ಮಧ್ಯೆ ಬಾಯಿ ಹಾಕಲಿಲ್ಲ. ಅವನು ಡೇ-ಕೇರ್ ಫೀಜಿನ ಲೆಕ್ಕ ಹಾಕುತ್ತಿದ್ದ.

ಇಲ್ಲಿ ಕಾನೂನನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹತ್ತು ವರ್ಷದ ವೀಸಾ ಎಂಬುದು ಬಾಗಿಲು ತಟ್ಟುವ ಹಕ್ಕು, ಅಷ್ಟೆ. ಒಳಗೆ ಎಷ್ಟು ದಿನ ಇರಬೇಕೆಂದು ನಿರ್ಧರಿಸುವುದು ವಿಮಾನ ನಿಲ್ದಾಣದ ಅಧಿಕಾರಿ. ಆ ತಾರೀಖು ಐ-94 ಎಂಬ ದಾಖಲೆಯಲ್ಲಿ ಇರುತ್ತದೆ. ಪ್ರವಾಸಿ ವೀಸಾದವರಿಗೆ ಸಾಮಾನ್ಯವಾಗಿ ಆರು ತಿಂಗಳು. ಈಗ ಅದು ಕಾಗದವೂ ಅಲ್ಲ, ಕಂಪ್ಯೂಟರಿನಲ್ಲಿ ಇರುವ ನಮೂದು. ನಾವೇ ವೆಬ್‌ಸೈಟಿಗೆ ಹೋಗಿ ನೋಡಿಕೊಳ್ಳಬೇಕು. ಅಚ್ಚಾದದ್ದನ್ನು ನಂಬುವ, ಸೀಲು ಕಂಡರೆ ಕೈಮುಗಿಯುವ ಜನಾಂಗಕ್ಕೆ ಕಣ್ಣಿಗೆ ಕಾಣದ ತಾರೀಖು ಕೊಟ್ಟರೆ ಹೇಗೆ?

ಆ ತಾರೀಖಿನ ಮೇಲೆ ಒಂದೇ ಒಂದು ದಿನ ಹೆಚ್ಚಿಗೆ ಉಳಿದರೂ ಹತ್ತು ವರ್ಷದ ವೀಸಾ ತಾನಾಗಿಯೇ ಸತ್ತುಹೋಗುತ್ತದೆ. ಅಲ್ಲಿನ ವಲಸೆ ಕಾಯ್ದೆಯ 222(ಜಿ) ಕಲಮು ಹೇಳುವುದು ಅದನ್ನೇ. ಶವಸಂಸ್ಕಾರದ ಆಹ್ವಾನ ಪತ್ರಿಕೆ ಮನೆಗೆ ಬರಬೇಕೆಂದೇನೂ ಇಲ್ಲ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಚೀಟಿ ಹಾಗೇ ಹೊಳೆಯುತ್ತಿರುತ್ತದೆ. ಹೆಚ್ಚುವರಿ ವಾಸ 180 ದಿನ ದಾಟಿ ವರ್ಷದೊಳಗಿದ್ದರೆ ಮೂರು ವರ್ಷ ಪ್ರವೇಶವಿಲ್ಲ. ವರ್ಷ ತುಂಬಿದರೆ ಹತ್ತು ವರ್ಷ.

ರಾಯರ ಮನೆಯಲ್ಲಿ ಹುಟ್ಟಿದಹಬ್ಬ ಆಯಿತು. ಆಮೇಲೆ ಅಮ್ಮಾವ್ರ ಮಂಡಿನೋವು, ಆಮೇಲೆ ಟಿಕೆಟ್ ದುಬಾರಿ, ಆಮೇಲೆ ‘ಹೇಗೂ ಆಗಿದೆ, ಚಳಿಗಾಲ ಕಳೀಲಿ’. ಅವಧಿ ಮುಗಿದು ಏಳು ತಿಂಗಳಾದ ಮೇಲೆ ಹೊರಟರು. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ನಮ್ಮಲ್ಲಿರುವಂತೆ ಹೊರಡುವವರ ಪಾಸ್‌ಪೋರ್ಟಿಗೆ ಸೀಲು ಗುದ್ದುವ ಇಮಿಗ್ರೇಷನ್ ಕೌಂಟರ್ ಇಲ್ಲ. ವಿಮಾನ ಕಂಪನಿ ಪ್ರಯಾಣಿಕರ ಪಟ್ಟಿಯನ್ನು ಸದ್ದಿಲ್ಲದೆ ಸರ್ಕಾರಕ್ಕೆ ರವಾನಿಸುತ್ತದೆ. ರಾಯರನ್ನು ಯಾರೂ ತಡೆಯಲಿಲ್ಲ, ಯಾರೂ ಬೈಯಲಿಲ್ಲ, ಯಾರೂ ದಂಡ ಕೇಳಲಿಲ್ಲ.

ಮರುದಿನ ಬೆಳಗಿನ ವಾಕಿಂಗ್‌ನಲ್ಲಿ ಅವರು ಘೋಷಿಸಿದರು: “ನೋಡಿ ಸಾರ್, ವರ್ಷದ ಮೇಲೆ ಇದ್ದು ಬಂದ್ವಿ. ಒಬ್ಬನೂ ಕೇಳ್ಲಿಲ್ಲ. ಸುಮ್ನೆ ಹೆದರಿಸ್ತಾರೆ.” ಬೆಂಚಿನ ಮೇಲಿದ್ದ ಐವರು ಹಿರಿಯರು ತಲೆದೂಗಿದರು. ಆ ಐವರಲ್ಲಿ ಮೂವರ ಮಕ್ಕಳು ಅಮೆರಿಕದಲ್ಲಿದ್ದಾರೆ. ಹಾಗೆ ಒಂದು ಪೀಡೆ ಹರಡಿತು.

ಎರಡನೆಯ ಮೊಮ್ಮಗುವಿನ ಸುದ್ದಿ ಬಂದಾಗ ರಾಯರು ಅದೇ ವೀಸಾ ಹಿಡಿದು ಅಬುಧಾಬಿ ಮಾರ್ಗವಾಗಿ ಟಿಕೆಟ್ ಮಾಡಿಸಿದರು. ಅಮೆರಿಕ 2014ರಿಂದ ಅಬುಧಾಬಿ ವಿಮಾನ ನಿಲ್ದಾಣದಲ್ಲೇ ತನ್ನದೊಂದು ಬಾಗಿಲು ಇಟ್ಟಿದೆ. ಇಮಿಗ್ರೇಷನ್ ತಪಾಸಣೆ ಅಲ್ಲೇ ಮುಗಿಯುತ್ತದೆ. ಅಧಿಕಾರಿ ಬೆರಳಚ್ಚು ತೆಗೆದುಕೊಂಡ, ಪರದೆ ನೋಡಿದ, ಇನ್ನೊಮ್ಮೆ ನೋಡಿದ, ಪಕ್ಕದ ಕೋಣೆ ತೋರಿಸಿದ. ಎರಡು ಗಂಟೆಯ ನಂತರ ಹೊರಬಂದಾಗ ವೀಸಾದ ಮೇಲೆ ರದ್ದು ಎಂಬ ಮುದ್ರೆ ಬಿದ್ದಿತ್ತು. ಚಟ್ನಿಪುಡಿ, ಲೇಹ್ಯ, ಜಾಯಿಕಾಯಿ ಸಮೇತ ದಂಪತಿ ಬೆಂಗಳೂರಿಗೆ ವಾಪಸ್. ಅಷ್ಟರಲ್ಲೂ ಅಮ್ಮಾವ್ರು ಕೇಳಿದ್ದು ಒಂದೇ ಪ್ರಶ್ನೆ: “ದಂಡ ಎಷ್ಟು ಅಂತ ಕೇಳಿದ್ರೇನ್ರೀ?”

ದಂಡ ಇಲ್ಲ ತಾಯಿ. ಅಲ್ಲೇ ಇರುವುದು ತೊಂದರೆ. ದುಡ್ಡು ಕಟ್ಟಿ ಮುಗಿಸುವ ಹಾಗಿದ್ದರೆ ನಾವು ಯಾವತ್ತೋ ಜಗತ್ತು ಗೆಲ್ಲುತ್ತಿದ್ದೆವು.

ಇನ್ನು ಮೂರು ವರ್ಷ ಕಾದು, ಹೊಸ ಅರ್ಜಿ ಹಾಕುವ ಪರ್ವ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಟೇಪು ಕತ್ತರಿಸಿದರು, ಭಾಷಣ ಮಾಡಿದರು, ವೀಸಾ ಕೊಡುವ ಕೆಲಸವನ್ನು ಮಾತ್ರ ಅಂದು ಶುರು ಮಾಡಲಿಲ್ಲ. ಹಾಗಾಗಿ ಕನ್ನಡಿಗರ ಪಾಲಿಗೆ ಚೆನ್ನೈ ಅಥವಾ ಹೈದರಾಬಾದ್. ಹೈದರಾಬಾದಾದರೆ ಒಂದು ಅನುಕೂಲ, ಚಿಲ್ಕೂರಿನಲ್ಲಿ ವೀಸಾ ಬಾಲಾಜಿ ಇದ್ದಾನೆ. ಮೊದಲು 11 ಪ್ರದಕ್ಷಿಣೆ, ವೀಸಾ ಬಂದ ಮೇಲೆ 108. ಆದರೆ ದೇವರಿಗೂ ಅಧಿಕಾರ ವ್ಯಾಪ್ತಿ ಇದೆ. 214(ಬಿ) ಕಲಮಿನವರೆಗೆ ಆತ ಕಾಪಾಡಬಹುದು. ಅದು ಅಧಿಕಾರಿಯ ಮನಸ್ಸಿನ ವ್ಯವಹಾರ. ಕಂಪ್ಯೂಟರಿನಲ್ಲಿ ಎರಡು ತಾರೀಖುಗಳ ನಡುವೆ ಕೂತಿರುವ ಏಳು ತಿಂಗಳನ್ನು ಅಳಿಸಲು ಬಾಲಾಜಿಯ ಬಳಿಯೂ ಪಾಸ್‌ವರ್ಡ್ ಇಲ್ಲ.

ಈ 214(ಬಿ) ಎಂಬುದು ಬಲು ಸ್ವಾರಸ್ಯದ ಕಲಮು. ಪ್ರವಾಸಿ ವೀಸಾ ಕೇಳಲು ಬಂದ ಪ್ರತಿಯೊಬ್ಬರೂ ಅಮೆರಿಕದಲ್ಲೇ ಬೀಡುಬಿಡಲು ಬಂದವರು ಎಂದು ಅದು ಮೊದಲೇ ತೀರ್ಮಾನಿಸಿಬಿಡುತ್ತದೆ. ಅಲ್ಲವೆಂದು ಸಾಬೀತು ಮಾಡುವ ಹೊಣೆ ನಮ್ಮದು. ಪ್ರವಾಸ, ವ್ಯವಹಾರ, ಓದು ಎಂದು ಬಂದು ಹೊರಡಬೇಕಾದವರಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಮಂದಿ ಹೇಳಿದ ಕಾಲಕ್ಕೆ ಹೊರಟುಹೋಗುತ್ತಾರೆಂದು ಅವರ ಗೃಹಭದ್ರತಾ ಇಲಾಖೆಯ ವರದಿಗಳೇ ಹೇಳುತ್ತವೆ. ಉಳಿದ ಇಬ್ಬರಿಗಾಗಿ ನೂರು ಮಂದಿಯನ್ನೂ ಕಟಕಟೆಗೆ ಹತ್ತಿಸುವುದು ಆ ಕಲಮಿನ ನ್ಯಾಯ. ಮೊದಲ ಸಲ ಹೋಗುವಾಗ ರಾಯರು ಆ ಅನುಮಾನವನ್ನು ಸುಳ್ಳು ಮಾಡಿದ್ದರು. ಈಗ ಅದು ಅನುಮಾನವಲ್ಲ, ಅವರೇ ಕೈಯಾರೆ ಬರೆದುಕೊಟ್ಟ ಸಾಕ್ಷಿ. ಮೂರು ವರ್ಷದ ನಿಷೇಧ ಮುಗಿದ ಮಾತ್ರಕ್ಕೆ ವೀಸಾ ಕೊಡಲೇಬೇಕೆಂದು ಎಲ್ಲೂ ಬರೆದಿಲ್ಲ. ಶಿಕ್ಷೆ ಮುಗಿಯುತ್ತದೆ, ಕಡತ ಮುಗಿಯುವುದಿಲ್ಲ.

ಚೆನ್ನೈ ಕಿಟಕಿಯ ಮುಂದೆ ರಾಯರು ನಿಂತಾಗ ಕೈಯಲ್ಲಿದ್ದ ಫೈಲಿನ ತೂಕ ನೋಡಬೇಕಿತ್ತು. ಸೈಟಿನ ಖಾತೆ, ಎಫ್‌ಡಿ ರಶೀದಿ, ಪಿಂಚಣಿ ಪುಸ್ತಕ, ತೆರಿಗೆ ಕಟ್ಟಿದ ಚಲನ್, ಮೊಮ್ಮಕ್ಕಳ ಫೋಟೊ. ಗಾಜಿನ ಆಚೆಯಿಂದ ಬಂದದ್ದು ಒಂದೇ ಪ್ರಶ್ನೆ: ಕಳೆದ ಸಲ ಎಷ್ಟು ದಿನ ಇದ್ದಿರಿ? ಫೈಲು ತೆರೆಯಲೇ ಇಲ್ಲ. ಒಂದು ಹಾಳೆ ಕೈಗೆ ಬಂತು. ನಾವು ಒಂದು ಜಾತಿ ಪ್ರಮಾಣಪತ್ರಕ್ಕೆ ಹನ್ನೊಂದು ಜೆರಾಕ್ಸ್ ಕೊಟ್ಟು ರೂಢಿಯಾದವರು. ಒಂದೂ ಜೆರಾಕ್ಸ್ ಕೇಳದೆ ತೀರ್ಪು ಕೊಟ್ಟರೆ ಅವಮಾನವಾಗದೆ ಇರುತ್ತದೆಯೇ?

ಆಗ ಪ್ರವೇಶಿಸುತ್ತಾರೆ, ಗಲ್ಲಿಗೊಬ್ಬರಂತೆ ಬೋರ್ಡು ಹಾಕಿಕೊಂಡಿರುವ ವೀಸಾ ಕನ್ಸಲ್ಟೆಂಟರು. ‘ಏನೂ ಆಗಲ್ಲ’ ತತ್ತ್ವಕ್ಕೆ ಅವರದೊಂದು ತಿದ್ದುಪಡಿ ಇದೆ: “ನೋ ಅಂತ ಹಾಕಿ ಸಾರ್.” ಡಿಎಸ್-160 ಎಂಬ ವೀಸಾ ಅರ್ಜಿಯಲ್ಲಿ ನೇರ ಪ್ರಶ್ನೆ ಇದೆ, ಅಮೆರಿಕದಲ್ಲಿ ಅವಧಿ ಮೀರಿ ಉಳಿದದ್ದು ಉಂಟೇ ಎಂದು. ಉತ್ತರ ಅವರ ಬಳಿ ಮೊದಲೇ ಇದೆ. ಪ್ರಶ್ನೆ ಕೇಳುವುದು ಮಾಹಿತಿಗಲ್ಲ, ಪರೀಕ್ಷೆಗೆ. ಅಲ್ಲಿ ‘ಇಲ್ಲ’ ಎಂದು ಸುಳ್ಳು ಬರೆದರೆ ಮೂರು ವರ್ಷದ ಗಾಯ ಜೀವಮಾನದ ರೋಗವಾಗುತ್ತದೆ. ಸುಳ್ಳು ಹೇಳಿ ವೀಸಾ ಕೇಳಿದವನಿಗೆ ಆ ದೇಶದ ಕಾನೂನಿನಲ್ಲಿ ಅವಧಿಯೇ ಇಲ್ಲದ ಅನರ್ಹತೆ. ಕ್ಷಮಾಪಣೆಗೂ ಅವಕಾಶವಿದೆ, ಅರ್ಜಿ ನಮ್ಮದು, ಮರ್ಜಿ ಅವರದು. ಕನ್ಸಲ್ಟೆಂಟರ ಫೀಜು ಮಾತ್ರ ವಾಪಸ್ ಬರುವುದಿಲ್ಲ.

“ಹೋಗ್ಲಿ ಬಿಡಿ, ಕೆನಡಾಕ್ಕೆ ಹಾಕೋಣ, ಮಗಳೇ ಅಲ್ಲಿಗೆ ಬಂದು ನೋಡ್ಕೊಂಡು ಹೋಗ್ತಾಳೆ” ಎಂಬುದು ಮುಂದಿನ ಯೋಜನೆ. ಬೇರೆ ದೇಶ ವೀಸಾ ನಿರಾಕರಿಸಿದೆಯೇ ಎಂದು ಕೆನಡಾದ ಅರ್ಜಿಯೂ ಕೇಳುತ್ತದೆ, ಬ್ರಿಟನ್ನಿನದೂ ಕೇಳುತ್ತದೆ. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಈ ಐದೂ ದೇಶಗಳು ವಲಸೆ ಮಾಹಿತಿ, ಬೆರಳಚ್ಚು ಹಂಚಿಕೊಳ್ಳುತ್ತವೆ. ನಮ್ಮಲ್ಲಿ ಒಂದೇ ಕಟ್ಟಡದ ಎರಡು ಇಲಾಖೆಗಳು ಪರಸ್ಪರ ಮಾತಾಡುವುದಿಲ್ಲ. ಅಲ್ಲಿ ಐದು ದೇಶಗಳು ಹರಟೆ ಹೊಡೆಯುತ್ತವೆ. ಕೆನಡಾಕ್ಕೆ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಐದು ವರ್ಷ ನಿಷೇಧ.

ಒಬ್ಬೊಬ್ಬರ ತಕ್ಕಡಿ ಒಂದೊಂದು ಥರ. ಆಸ್ಟ್ರೇಲಿಯಾದಲ್ಲಿ 28 ದಿನ ಮೀರಿ ಉಳಿದು ಹೊರಟರೆ ಮೂರು ವರ್ಷ ಬಾಗಿಲು ಬಂದ್. ಬ್ರಿಟನ್ನಿನಲ್ಲಿ 30 ದಿನದೊಳಗೆ ಸ್ವಂತ ಖರ್ಚಿನಲ್ಲಿ ಹೊರಟವರಿಗೆ ಮರುಪ್ರವೇಶದ ನಿಷೇಧ ಇಲ್ಲ. ಅದು ದಾಟಿದರೆ ಒಂದರಿಂದ ಹತ್ತು ವರ್ಷ. ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ. ಮೊದಲಾದರೆ ಅಧಿಕಾರಿಗಳು ಮಸುಕಾದ ಸೀಲು ಹುಡುಕಿ ಬೆರಳೆಣಿಕೆ ಮಾಡುತ್ತಿದ್ದರು, 2025ರ ಅಕ್ಟೋಬರ್ 12ರಿಂದ ಆ ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸಲು ಶುರು ಮಾಡಿದ್ದಾರೆ. ನಮ್ಮ ಮನೋಧರ್ಮಕ್ಕೆ ಹತ್ತಿರದ್ದು ಥಾಯ್ಲೆಂಡ್: ದಿನಕ್ಕೆ 500 ಬಾತ್ ದಂಡ, ಗರಿಷ್ಠ 20,000. ಹೋಟೆಲಿನ ದರಪಟ್ಟಿಯಷ್ಟು ಸ್ಪಷ್ಟ. ಆದರೆ ಅಲ್ಲೂ 90 ದಿನ ದಾಟಿದರೆ ನಿಷೇಧ ಉಂಟು, ತಾನಾಗಿ ಹೋಗಿ ಒಪ್ಪಿಕೊಂಡವನಿಗಿಂತ ಸಿಕ್ಕಿಬಿದ್ದವನಿಗೆ ಹೆಚ್ಚು.

ಅಕ್ರಮ-ಸಕ್ರಮವನ್ನು ನಿಜವಾಗಿ ಜಾರಿ ಮಾಡುವವರು ಕೊಲ್ಲಿ ದೇಶದವರು. ಮಂಗಳೂರು, ಉಡುಪಿ, ಭಟ್ಕಳದ ಮನೆಗಳಲ್ಲಿ ‘ಆಮ್ನೆಸ್ಟಿ’ ಎಂದರೆ ಮಕ್ಕಳಿಗೂ ಗೊತ್ತು. ಯುಎಇ 2024ರ ಸೆಪ್ಟೆಂಬರಿನಿಂದ ಡಿಸೆಂಬರ್ ಕೊನೆಯವರೆಗೆ ಕೊಟ್ಟ ಕ್ಷಮೆಯಲ್ಲಿ ದಂಡವೂ ಮಾಫಿ, ಮತ್ತೆ ಬರಲು ನಿಷೇಧವೂ ಇಲ್ಲ. ರಾಯರ ಕಥೆಯ ನಗು ಇಲ್ಲಿ ನಿಲ್ಲಬೇಕು. ಅಲ್ಲಿನ ದಂಡ ದಿನಕ್ಕೆ 50 ದಿರ್ಹಮ್, ಎಂದರೆ ತಿಂಗಳಿಗೆ 1,500. ಎಷ್ಟೋ ಕೂಲಿಗಳ ತಿಂಗಳ ಸಂಬಳ ಅದಕ್ಕಿಂತ ಕಡಿಮೆ. ಏಜೆಂಟನ ಮಾತು ನಂಬಿ ವಿಸಿಟ್ ವೀಸಾದಲ್ಲಿ ಹೋದವನು, ಪಾಸ್‌ಪೋರ್ಟನ್ನು ಮಾಲೀಕನ ಕೈಗೆ ಕಳೆದುಕೊಂಡವನು, ಕಂಪನಿ ಮುಚ್ಚಿ ಸಂಬಳ ಬಾಕಿ ಬಿದ್ದವನು, ಇವರು ತಾವಾಗಿ ಉಳಿದವರಲ್ಲ, ಉಳಿಯಬೇಕಾಗಿ ಬಂದವರು. ದಂಡ ಬೆಳೆದಷ್ಟೂ ಹೊರಡಲಾಗದು, ಹೊರಡದಿದ್ದಷ್ಟೂ ದಂಡ ಬೆಳೆಯುತ್ತದೆ. ವೀಸಾ ಕೊಡಿಸಿದ ಏಜೆಂಟನ ಹೆಸರು ಯಾವ ಕಂಪ್ಯೂಟರಿನಲ್ಲೂ ಮೂಡುವುದಿಲ್ಲ.

ಅಮೆರಿಕದ ಮೂರು-ಹತ್ತು ವರ್ಷದ ನಿಯಮದ ಜಾಣತನವನ್ನೂ ಮೆಚ್ಚಬೇಕು. 1996ರಲ್ಲಿ ಕ್ಲಿಂಟನ್ ಸಹಿ ಹಾಕಿದ ಆ ಕಾನೂನಿನಲ್ಲಿ ನಿಷೇಧ ಹುಟ್ಟುವುದು ನೀವು ದೇಶ ಬಿಟ್ಟು ಹೊರಟ ಕ್ಷಣದಲ್ಲಿ. ಉಳಿದರೆ ಅಕ್ರಮ, ಹೊರಟರೆ ಹತ್ತು ವರ್ಷ. ಉಳಿದವರನ್ನು ಹೊರಡಿಸಲು ಮಾಡಿದ ಕಾನೂನು, ಹೊರಡಬೇಕೆಂದವರನ್ನೂ ಉಳಿಸಿತು. ಅಪ್ಪನ ಚಿತೆಗೆ ತಮ್ಮ ಬೆಂಕಿ ಇಡುವುದನ್ನು ಪೆಟ್ರೋಲ್ ಬಂಕಿನ ಕೌಂಟರ್ ಹಿಂದೆ ನಿಂತು ಮೊಬೈಲಿನಲ್ಲಿ ನೋಡಿ, ಮುಖ ಒರೆಸಿಕೊಂಡು ಮುಂದಿನ ಗಿರಾಕಿಗೆ ಚಿಲ್ಲರೆ ಕೊಡುವವನಿಗೆ ಈ ಕಲಮಿನ ಅರ್ಥ ವಕೀಲರಿಗಿಂತ ಚೆನ್ನಾಗಿ ಗೊತ್ತು.

ಹಾಗಾದರೆ ಅಮೆರಿಕದಲ್ಲಿ ಅಕ್ರಮ-ಸಕ್ರಮ ಆಗಿಯೇ ಇಲ್ಲವೇ? ಆಗಿದೆ! 1986ರಲ್ಲಿ ರೇಗನ್ ಕಾಲದ ಕಾನೂನು ಸುಮಾರು 27 ಲಕ್ಷ ಜನರನ್ನು ಸಕ್ರಮ ಮಾಡಿತು. ಆಮೇಲೆ 1,000 ಡಾಲರ್ ದಂಡ ಕಟ್ಟಿ ಒಳಗಿದ್ದೇ ಗ್ರೀನ್ ಕಾರ್ಡ್ ಪಡೆಯುವ ಕಿಟಕಿಯೂ ಇತ್ತು. 2001ರ ಏಪ್ರಿಲ್ 30ರ ನಂತರದ ಅರ್ಜಿಗಳಿಗೆ ಅದು ಮುಚ್ಚಿತು. ಮಕ್ಕಳು ಅಲ್ಲಿನ ಪ್ರಜೆಗಳಾದ ತಂದೆತಾಯಿಗೆ ಈಗಲೂ ಬೇರೆ ದಾರಿ ಇದೆ. ಇನ್ನು ದುಡ್ಡಿದ್ದವರಿಗೆ 2025ರ ಸೆಪ್ಟೆಂಬರಿನಲ್ಲಿ ಟ್ರಂಪ್ ಸಾಹೇಬರು ಗೋಲ್ಡ್ ಕಾರ್ಡ್ ಆದೇಶಕ್ಕೆ ಸಹಿ ಹಾಕಿದ್ದಾರೆ, ಬೆಲೆ ಹತ್ತು ಲಕ್ಷ ಡಾಲರ್. ಅದೇ ವರ್ಷದ ಆಗಸ್ಟಿನಲ್ಲಿ ಮಲಾವಿ, ಜಾಂಬಿಯಾದಂಥ ಬಡದೇಶಗಳ ಪ್ರವಾಸಿಗಳು 15,000 ಡಾಲರ್‌ವರೆಗೆ ಠೇವಣಿ ಇಟ್ಟು ಬರಬೇಕೆಂಬ ನಿಯಮ ಬಂತು. ಹೇಳಿದ ದಿನ ಹೊರಟರೆ ವಾಪಸ್, ಇಲ್ಲವಾದರೆ ಮುಟ್ಟುಗೋಲು. ಹತ್ತು ಲಕ್ಷ ಕೊಟ್ಟವನನ್ನು ಎಷ್ಟು ದಿನ ಇರುತ್ತೀಯೆಂದು ಯಾರೂ ಕೇಳುವುದಿಲ್ಲ. ದಿನ ಎಣಿಸುವುದು ಬಡವನಿಗೆ.

ನಾವೇನು ಕಡಿಮೆ? ನಮ್ಮ ದೇಶವೂ 2025ರಲ್ಲಿ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ತಂದಿದೆ. ವೀಸಾ ಮುಗಿದ ಮೇಲೆ ಉಳಿದ ವಿದೇಶಿಗೆ ಮೂರು ವರ್ಷದವರೆಗೆ ಜೈಲು ಅಥವಾ ಮೂರು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಬೆಂಗಳೂರಿನಲ್ಲಿ ಆಫ್ರಿಕಾದ ವಿದ್ಯಾರ್ಥಿಯ ವೀಸಾ ಮುಗಿದಿದೆ ಎಂಬ ಸುದ್ದಿ ಓದಿ “ಇವರನ್ನ ಒದ್ದು ಓಡಿಸ್ಬೇಕು ಸಾರ್” ಎಂದು ಪಾರ್ಕಿನಲ್ಲಿ ಗುಡುಗುವವರು ಬೇರೆ ಯಾರೂ ಅಲ್ಲ, ಏಳು ತಿಂಗಳು ಹೆಚ್ಚಿಗೆ ಇದ್ದು ಬಂದ ನಮ್ಮ ರಾಯರೇ.

ಅಮೆರಿಕದ ಕಾನೂನು ನ್ಯಾಯವಾಗಿದೆ ಎಂದು ಯಾರೂ ಒಪ್ಪಬೇಕಾಗಿಲ್ಲ. ಅದು ಸಣ್ಣವರಿಗೆ ದೊಡ್ಡ ಶಿಕ್ಷೆ ಕೊಡುವ ಕಾನೂನು. ಆದರೆ ಅನ್ಯಾಯದ ಕಾನೂನನ್ನು ಅಸಡ್ಡೆಯಿಂದ ಸೋಲಿಸಲು ಆಗುವುದಿಲ್ಲ. ಧೈರ್ಯ ಹೇಳಿದ ನೆರೆಯವರು, ಫೀಜು ತೆಗೆದುಕೊಂಡ ಕನ್ಸಲ್ಟೆಂಟರು, ಡೇ-ಕೇರ್ ಖರ್ಚು ಉಳಿಸಿದ ಅಳಿಯ, ಇವರಲ್ಲಿ ಯಾರ ಬೆರಳಚ್ಚೂ ಆ ಕಡತದಲ್ಲಿ ಇರುವುದಿಲ್ಲ.

ಆದ್ದರಿಂದ ಮಗನನ್ನೋ ಮಗಳನ್ನೋ ನೋಡಲು ಹೊರಟಿರುವ ಹಿರಿಯರೇ, ವಿಮಾನ ಇಳಿದ ವಾರದಲ್ಲೇ ಮಕ್ಕಳ ಕೈಯಲ್ಲಿ ಐ-94 ತೆಗೆಸಿ, ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ. ಕಾಯಿಲೆಯೋ ಕಷ್ಟವೋ ಬಂದು ಇನ್ನಷ್ಟು ದಿನ ಇರಲೇಬೇಕಾದರೆ ಆ ತಾರೀಖು ದಾಟುವ ಮುಂಚೆ ಅವಧಿ ವಿಸ್ತರಣೆಯ ಐ-539 ಅರ್ಜಿ ಹಾಕಿಸಿ. 45 ದಿನ ಮೊದಲೇ ಹಾಕಿದರೆ ಒಳ್ಳೆಯದು. ಒಂದು ವೇಳೆ ಈಗಾಗಲೇ ಮೀರಿ ಉಳಿದು ಬಂದಿದ್ದರೆ ಮುಂದಿನ ಅರ್ಜಿಯಲ್ಲಿ ಹೌದು ಎಂದೇ ಬರೆಯಿರಿ, ಕಾರಣದ ಕಾಗದ ಜೊತೆಗಿಡಿ, ಪರವಾನಗಿ ಇರುವ ವಲಸೆ ವಕೀಲರನ್ನು ಕೇಳಿ. ಸತ್ಯ ಹೇಳಿದವರಿಗೆ ವೀಸಾ ಸಿಕ್ಕೇ ಸಿಗುತ್ತದೆಂಬ ಭರವಸೆ ಇಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದವರಿಗೆ ಮಾತ್ರ ಅದು ಬಹುತೇಕ ಮುಗಿದ ಕಥೆ.